ಕಪ್ಪು ಮೂರರ ಬಾಸ್

ಯಂತ್ರಕ್ಕೆ ಊರಿಲ್ಲ ಎನ್ನುವವರನ್ನು ಮದುವೆಯ ಕಾಲದಲ್ಲಿ ಒಂದು ರಾತ್ರಿ ಕಲ್ಯಾಣ–ಶೀಳ್ ರಸ್ತೆಯ ಬದಿಯ ಯಾವುದಾದರೂ ಆಗ್ರಿ ಸಮುದಾಯದ ಹಳ್ಳಿಗೆ ಕರೆದೊಯ್ಯಬೇಕು. ಹಳ್ಳಿ ಎಂದರೂ ಸುತ್ತಲೂ ಇಪ್ಪತ್ತು ಮೂವತ್ತು ಮಹಡಿಯ ಕಟ್ಟಡಗಳೇ. ಅವುಗಳ ನಡುವೆ ಉಳಿದುಕೊಂಡ ಹಳೆಯ ಮನೆಗಳ ಅಂಗಳದಲ್ಲಿ ಚಪ್ಪರ ಎದ್ದಿರುತ್ತದೆ. ನಾಳೆ ಮದುವೆ, ಇವತ್ತು ಹಳದಿ. ಮದುಮಗನ ಕೆನ್ನೆಗೆ ಅರಿಸಿನ ಹಚ್ಚಿ ಮುಗಿಯುತ್ತಿದ್ದಂತೆ ಬೆಂಜೋ ಪಾರ್ಟಿಯವರು ಶುರುಮಾಡುತ್ತಾರೆ. ಢೋಲಕಿ, ಆಕ್ಟೋಪ್ಯಾಡು, ಕೀಬೋರ್ಡು; ಎಲ್ಲದರ ಮುಂದೆ, ಎಲ್ಲರನ್ನೂ ಎಳೆದುಕೊಂಡು ಹೋಗುವ ಬೆಂಜೋ. ಉದ್ದನೆಯ ಪೆಟ್ಟಿಗೆ, ಮೇಲೆ ಸಾಲಾಗಿ ಗುಂಡಿಗಳು. ಎಡಗೈ ಗುಂಡಿ ಒತ್ತಿದರೆ ಬಲಗೈ ತಂತಿ ಮೀಟುತ್ತದೆ. ತಂತಿಯ ದನಿ ಆಂಪ್ಲಿಫೈಯರಿಗೆ ಹೋಗಿ, ಎಕೋ ಹತ್ತಿಸಿಕೊಂಡು, ಚಪ್ಪರದ ಕಂಬಗಳೂ ಅದುರುವಂತೆ ಹೊರಬರುತ್ತದೆ. ಆ ದನಿ ಕೇಳಿದ ಅಜ್ಜಿಯಂದಿರು ಕೂಡ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏಳುತ್ತಾರೆ. ಇದು ಈ ಮಣ್ಣಿನದೇ ವಾದ್ಯ ಎಂದು ಯಾರು ಬೇಕಾದರೂ ಆಣೆ ಇಟ್ಟು ಹೇಳಿಯಾರು.

ಆದರೆ ಆ ಪೆಟ್ಟಿಗೆ ಹುಟ್ಟಿದ್ದು ಜಪಾನಿನ ನಗೋಯಾದಲ್ಲಿ. 1912ರಲ್ಲಿ ಮೊರಿತಾ ಗೋರೋ ಎಂಬಾತ ಟೈಪ್‌ರೈಟರಿನ ಗುಂಡಿಗಳನ್ನು ನೋಡಿ, ತಂತಿವಾದ್ಯಕ್ಕೂ ಅಂಥವನ್ನು ಕೂಡಿಸಿದರೆ ಕಲಿಯದವರೂ ನುಡಿಸಬಹುದಲ್ಲ ಎಂದುಕೊಂಡು ಅದನ್ನು ಮಾಡಿದ. ಅಲ್ಲಿ ಅದರ ಹೆಸರು ತೈಶೋಗೋತೋ. ಮನೆಯೊಳಗೆ ಕೂತು ಮೆಲ್ಲಗೆ ನುಡಿಸುವ ವಾದ್ಯ. ಹಡಗು ಹತ್ತಿ ಇಲ್ಲಿಗೆ ಬಂದ ಮೇಲೆ ಬುಲ್‌ಬುಲ್ ತರಂಗವಾಯಿತು, ಮುಂಬಯಿಯ ಗಲ್ಲಿಗಳಲ್ಲಿ ಬೆಂಜೋ ಆಯಿತು, ಗಣಪತಿಯ ಮುಂದೆ ನಡೆಯಿತು, ಹಳದಿಯಲ್ಲಿ ಕುಣಿಸಿತು. ನಗೋಯಾದ ಮನೆಯೊಂದರಲ್ಲಿ ಅದನ್ನು ನುಡಿಸುವವರನ್ನು ಡೊಂಬಿವಲಿಗೆ ಕರೆತಂದರೆ ತಮ್ಮ ವಾದ್ಯದ ಗುರುತು ಅವರಿಗೆ ಸಿಕ್ಕೀತೋ ಇಲ್ಲವೋ.

ಇಷ್ಟೆಲ್ಲ ಯೋಚನೆಗೆ ಕಾರಣ ನನ್ನ ತಂಗಿಯ ಮಗ. ಕುಂದಾಪುರ ಕಡೆಯ ಮನೆತನ. ಅವನ ಅಜ್ಜ ಠಾಣೆಯಲ್ಲಿ ಹೋಟೆಲು ನಡೆಸಿದವರು. ಇವನು ಹುಟ್ಟಿ ಬೆಳೆದದ್ದು ಡೊಂಬಿವಲಿ ಪೂರ್ವದಲ್ಲಿ, ಹಗಲು ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ. ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುತ್ತಾನೆ. ಎರಡು ಸಪ್ತಕದ ಪುಟ್ಟ ಕೀಬೋರ್ಡು, ಕಿವಿ ಮುಚ್ಚುವ ಹೆಡ್‌ಫೋನು, ಎಫ್‌ಎಲ್ ಸ್ಟುಡಿಯೋ ಎಂಬ ಸಾಫ್ಟ್‌ವೇರು. ಅವನ ಬಂಡವಾಳ ಇಷ್ಟೇ. ಅದೇ ಸಾಫ್ಟ್‌ವೇರನ್ನು ಕಲ್ಯಾಣದಿಂದ ಪನವೇಲಿನವರೆಗೆ ಅದೆಷ್ಟೋ ಹುಡುಗರು ಇಟ್ಟುಕೊಂಡಿದ್ದಾರೆ, ಸ್ವೀಡನ್ನಿನವರೂ ಇಟ್ಟುಕೊಂಡಿದ್ದಾರೆ. ಎಲ್ಲರ ಕೈಯಲ್ಲೂ ಅದೇ ಸಾಮಾನು ಇರುವಾಗ ಒಬ್ಬನ ಸಂಗೀತ ಮೂರು ಸೆಕೆಂಡಿನಲ್ಲಿ ಇವನದೇ ಎಂದು ಗೊತ್ತಾಗುವುದು ಹೇಗೆ? ಕೇಳಿದೆ. "ಮಾವ, ಪ್ರಿಸೆಟ್ ಯಾರು ಬೇಕಾದ್ರೂ ಹಾಕ್ತಾರೆ. ಕೂತು ಕೇಳ್ಬೇಕು" ಎಂದ. ಪ್ರಿಸೆಟ್ ಅಂದರೆ ಸಾಫ್ಟ್‌ವೇರಿನಲ್ಲೇ ಸಿದ್ಧವಾಗಿ ಬರುವ ನಾದ. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ತೋರಿಸಿದ.

ಮೊದಲು ತೋರಿಸಿದ್ದು ಒಂದು ಒರಟು ಸ್ವರ. ತೆರೆಯ ಮೇಲೆ ಅದರ ಅಲೆ ಗರಗಸದ ಹಲ್ಲಿನಂತೆ ಕಾಣುವುದರಿಂದ ಅದನ್ನು ಸಾ ವೇವ್ ಅನ್ನುತ್ತಾರೆ. ಕಿವಿಗೆ ಚುಚ್ಚುವಂಥದು, ಯಾಕೆಂದರೆ ಅದರೊಳಗೆ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳೆಲ್ಲ ತುಂಬಿಕೊಂಡಿರುತ್ತವೆ. ಅದರ ಮೇಲೆ ಫಿಲ್ಟರು ಹಾಕಿದ. ಫಿಲ್ಟರ್ ಅಂದರೆ ಜರಡಿಯೇ. ಇಂತಿಷ್ಟು ಕಂಪನಕ್ಕಿಂತ ಮೇಲಿನದನ್ನು ತಡೆದು ಕೆಳಗಿನದನ್ನು ಬಿಡುತ್ತದೆ. ಜೊತೆಗೆ ರೆಸೊನೆನ್ಸ್ ಎಂಬ ಇನ್ನೊಂದು ಗುಂಡಿ. ತಡೆಯುವ ಗಡಿಯಲ್ಲಿ ಸಿಕ್ಕ ಸ್ವರವನ್ನು ಅದು ಎತ್ತಿ ಹಿಡಿಯುತ್ತದೆ. ಎರಡನ್ನೂ ಹದವಾಗಿಟ್ಟು ಗಡಿಯನ್ನು ಮೆಲ್ಲಮೆಲ್ಲಗೆ ಮೇಲಕ್ಕೆ ಸರಿಸಿದ. ಒಂದೇ ಸ್ವರ ನಿಂತಲ್ಲೇ ನಿಂತಿತ್ತು, ಅದರೊಳಗಿಂದ ಪಂಚಮ ಇಣುಕಿತು, ಮೇಲಿನ ಷಡ್ಜ ಇಣುಕಿತು, ಅಂತರ ಗಾಂಧಾರ ಇಣುಕಿತು, ಒಂದಾದ ಮೇಲೊಂದು.

ನನಗೆ ರೋಮಾಂಚನವಾಯಿತು. ಇದು ತಂಬೂರಿಯ ಕೆಲಸ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಸೇರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಜೀವಾಳ ಕೂರಿಸುತ್ತಾರಲ್ಲ, ಆಗ ತಂತಿ ಕುದುರೆಯ ಬೆನ್ನನ್ನು ಸವರಿಕೊಂಡು ಅದುರುತ್ತದೆ. ಅದರ ಉಪಸ್ವರಗಳು ಒಂದೊಂದಾಗಿ ಮೇಲೆದ್ದು ಮುಳುಗುತ್ತವೆ. ಷಡ್ಜದ ತಂತಿಯಲ್ಲಿ ಗಾಂಧಾರ ಕೇಳಿಸುವುದು ಹಾಗೆ. ಸಿಂಥಸೈಸರಿನಲ್ಲಿ ಫಿಲ್ಟರ್ ತಿರುಗಿಸುವುದೂ ತಂಬೂರಿಯಲ್ಲಿ ದಾರ ಸರಿಸುವುದೂ ಒಂದೇ ಜಾತಿಯ ಕೆಲಸ ಎಂದು ಆ ರಾತ್ರಿ ಕಿವಿಯಾರೆ ತಿಳಿಯಿತು. ಶ್ರುತಿಪೆಟ್ಟಿಗೆಗೂ ತಂಬೂರಿಗೂ ಎಲೆಕ್ಟ್ರಾನಿಕ್ ರೂಪ ಕೊಟ್ಟವರು ನಮ್ಮ ಬೆಂಗಳೂರಿನವರೇ, ರೇಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದವರು, ಸ್ವತಃ ಕೊಳಲು, ವೀಣೆ ಬಲ್ಲವರು. ಸರ್ಕ್ಯೂಟು ಬಲ್ಲ ಎಂಜಿನಿಯರುಗಳು ಆ ಕಾಲಕ್ಕೂ ಬೇಕಾದಷ್ಟಿದ್ದರು. ಆ ಸರ್ಕ್ಯೂಟಿನಿಂದ ಶ್ರುತಿಯನ್ನು ಕೇಳಲು ಸಂಗೀತಗಾರನ ಕಿವಿಯೇ ಬೇಕಾಯಿತು. ಇವತ್ತು ಡೊಂಬಿವಲಿಯ ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ಸಂಗೀತಪಾಠ ನಡೆಯುವ ಮನೆಗಳಲ್ಲಿ ಕಿವಿಗೆ ಮೊದಲು ಬೀಳುವುದು ಅಂಥ ಪೆಟ್ಟಿಗೆಯ ಶ್ರುತಿಯೇ.

ತಂಬೂರಿಯನ್ನೂ ಸಿಂಥಸೈಸರನ್ನೂ ಒಟ್ಟಿಗೆ ನೆನೆದಾಗ ಚರಣಜಿತ್ ಸಿಂಗ್ ನೆನಪಾಗದೆ ಇರುವುದಿಲ್ಲ. ಮುಂಬಯಿಯ ಸಿನಿಮಾ ಸಂಗೀತದಲ್ಲಿ ಬಾಸ್ ಗಿಟಾರು, ಹವಾಯಿಯನ್ ಗಿಟಾರು ನುಡಿಸುತ್ತಿದ್ದ ಕಲಾವಿದರು ಅವರು. ತೆರೆಯ ಮೇಲೆ ಹೆಸರು ಬರುವುದು ಅಪರೂಪವಾಗಿದ್ದ ನೂರಾರು ಜನರಲ್ಲಿ ಒಬ್ಬರು. ಎಂಬತ್ತರ ದಶಕದ ಆರಂಭಕ್ಕೆ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಅವರ ಕೈಸೇರಿದವು: ತಾಳಕ್ಕೆ ಟಿಆರ್-808, ಬಾಸಿಗೆ ಟಿಬಿ-303, ರಾಗ ನುಡಿಸಲು ಜ್ಯೂಪಿಟರ್-8. 1982ರಲ್ಲಿ ಅವರು ಈ ಮೂರನ್ನೇ ಕಟ್ಟಿಕೊಂಡು ಭೈರವ್, ತೋಡಿ, ಯಮನ್, ಮಾಲಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ಒಂದು ಎಲ್‌ಪಿ ತಂದರು. ಆಗ ಅದನ್ನು ಕೇಳಿದವರು ಕಡಿಮೆ.

ಆ 303 ಎಂಬ ಬೆಳ್ಳಿಬಣ್ಣದ ಡಬ್ಬಿಯ ಕಥೆ ಕೇಳುವಂಥದು. ಬಾಸ್ ಗಿಟಾರಿನವರು ಸಿಗದ ಕಲಾವಿದರಿಗೆ ಜೊತೆ ನುಡಿಸಲಿ ಎಂದು ರೋಲ್ಯಾಂಡಿನವರು ಅದನ್ನು ಮಾಡಿದ್ದರು. ಅದು ಬಾಸ್ ಗಿಟಾರಿನಂತೆ ಕೇಳಿಸಲೇ ಇಲ್ಲ. ಸುಮಾರು ಹತ್ತು ಸಾವಿರ ಮಾಡಿ 1984ಕ್ಕೆ ನಿಲ್ಲಿಸಿಬಿಟ್ಟರು. ಹಳೆ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಅದೇ ಡಬ್ಬಿಯ ಗುಂಡಿಗಳನ್ನು ಶಿಕಾಗೋದ ಹುಡುಗರು ಬೇಕಾದಂತೆ ತಿರುಗಿಸಿದಾಗ, 1987ರಲ್ಲಿ, ಆಸಿಡ್ ಹೌಸ್ ಎಂಬ ಹೊಸ ನಾದ ಹುಟ್ಟಿತು. ಆ ಹುಡುಗರ ಫ್ಯೂಚರ್ ತಂಡ ತಂದ ಧ್ವನಿಮುದ್ರಿಕೆಯಿಂದ ಜಗತ್ತಿನ ನೃತ್ಯಸಂಗೀತವೇ ಬದಲಾಯಿತು. ಮುಂಬಯಿಯಲ್ಲಿ ಅದಕ್ಕಿಂತ ಐದು ವರ್ಷ ಮೊದಲೇ ಅಂಥದೇ ನಾದ ಮುದ್ರಣವಾಗಿತ್ತು ಎಂಬುದು ಹೊರಗೆ ಗೊತ್ತಾದದ್ದು 2010ರಲ್ಲಿ, ಬಾಂಬೆ ಕನೆಕ್ಷನ್ ಎಂಬ ಡಚ್ ಸಂಸ್ಥೆ ಚರಣಜಿತರ ಎಲ್‌ಪಿಯನ್ನು ಮರುಮುದ್ರಿಸಿದಾಗ. ಎಪ್ಪತ್ತರ ಹತ್ತಿರದಲ್ಲಿದ್ದ ಆ ಹಿರಿಯರನ್ನು ಯುರೋಪಿನ ವೇದಿಕೆಗಳು ಕರೆದವು. 2015ರಲ್ಲಿ ಅವರು ತೀರಿಕೊಂಡರು.

ಆಸಿಡ್ ಹೌಸನ್ನು ಕಂಡುಹಿಡಿದವರು ಅವರೋ ಶಿಕಾಗೋದವರೋ ಎಂದು ವಾದ ಮಾಡುವವರಿದ್ದಾರೆ. ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. 303ರಲ್ಲಿ ಸ್ಲೈಡ್ ಎಂಬ ಒಂದು ಸೌಲಭ್ಯವಿದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಬಾಸ್ ಗಿಟಾರಿನವರ ಬೆರಳು ಜಾರುವುದನ್ನು ಅನುಕರಿಸಲು ಇಟ್ಟದ್ದು. ಹವಾಯಿಯನ್ ಗಿಟಾರಿನಲ್ಲಿ ಬದುಕಿಡೀ ತಂತಿಯ ಮೇಲೆ ಉಕ್ಕು ಜಾರಿಸಿದವರಿಗೆ ಅದರಲ್ಲಿ ಹಿಂದೂಸ್ತಾನಿ ಸಂಗೀತದ ಜಾರುವಿಕೆ, ಮೀಂಡ್, ಕೇಳಿಸಿರಬೇಕು. ಹಾರ್ಮೋನಿಯಂ ಮೇಲೆ ನಮ್ಮ ಹಿರಿಯರಿಗೆ ಇದ್ದ ಸಿಟ್ಟೂ ಇದೇ ಅಲ್ಲವೇ, ಅದು ಜಾರುವುದಿಲ್ಲ ಎಂದು? ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಮನೆಮನೆಯಲ್ಲಿ ಜನ ಅದನ್ನು ಬಿಡಲಿಲ್ಲ, ಭಜನೆಗೆ, ನಾಟಕಕ್ಕೆ ಬಾಗಿಸಿಕೊಂಡರು. ಜಾರದ ಪೆಟ್ಟಿಗೆಯೊಂದಿಗೆ ಅಷ್ಟು ಕಾಲ ಹೆಣಗಿದ ದೇಶಕ್ಕೆ ಜಾರುವ ಪೆಟ್ಟಿಗೆಯೊಂದು ಬಂದಾಗ ಅದನ್ನು ಗುರುತಿಸುವ ಕಿವಿ ಸಿದ್ಧವಾಗಿತ್ತು. ಯಂತ್ರ ಮುಟ್ಟುವ ಮೊದಲೇ ಕಿವಿಗೆ ಒಂದು ಹಸಿವು ಇರುತ್ತದೆ. ಯಂತ್ರದ ಹತ್ತಾರು ಗುಂಡಿಗಳಲ್ಲಿ ಯಾವುದರ ಮೇಲೆ ಕೈ ಹೋಗುತ್ತದೆಂಬುದನ್ನು ಆ ಹಸಿವೇ ತೀರ್ಮಾನಿಸುತ್ತದೆ.

ಮುಂಬಯಿಗೆ ಆ ಹಸಿವು ಮೊದಲಿನಿಂದಲೂ ಇತ್ತು. ಪಡೋಸನ್ ಚಿತ್ರದ ಕಿಟಕಿ ಹಾಡಿನಲ್ಲಿ ಆರ್.ಡಿ. ಬರ್ಮನ್ ಬಾಚಣಿಗೆ ಉಜ್ಜಿಸಿದರು, ಶೋಲೆಯಲ್ಲಿ ಹೆಲೆನ್ ಕುಣಿಯುವ ಹಾಡಿಗೆ ಬಾಟಲಿಯ ಬಾಯಿಗೆ ಊದಿಸಿದರು. ಕೇರ್ಸಿ ಲಾರ್ಡ್ ಮೂಗ್ ಸಿಂಥಸೈಸರನ್ನು ಹಿಂದಿ ಚಿತ್ರಗೀತೆಗೆ ಒಗ್ಗಿಸಿದರು. ಮುಂಬಯಿಗಷ್ಟೇ ಅಲ್ಲ, ಅಹಮದಾಬಾದಿಗೂ ಆ ಹಸಿವಿತ್ತು: ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಇತ್ತು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಮೂಗ್ ಮೇಲೆ ಮಾಡಿದ ಪ್ರಯೋಗಗಳ ಟೇಪುಗಳು ದಶಕಗಟ್ಟಲೆ ಕಪಾಟಿನಲ್ಲಿದ್ದು, 2023ರಲ್ಲಿ ಆಲ್ಬಮ್ಮಾಗಿ ಬಂದವು.

ಇನ್ನು ರೈಲಿನ ವಿಷಯ. ಡೊಂಬಿವಲಿಯವರು ರೈಲಿಲ್ಲದೆ ಯಾವ ಮಾತನ್ನೂ ಮುಗಿಸಲಾರರು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ನಮ್ಮ ಠಾಣೆಯಲ್ಲೇ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ರೈಲಿನ ಸದ್ದನ್ನೇ ಸಂಗೀತವಾಗಿ ಕಟ್ಟಿ ಹೆಸರಾದವರು ಮಾತ್ರ ಪ್ಯಾರಿಸ್ಸಿನ ಪಿಯರ್ ಶೆಫರ್, 1948ರಲ್ಲಿ. ರೇಡಿಯೋ ಎಂಜಿನಿಯರಾಗಿದ್ದ ಅವರು ಬಾತಿನ್ಯೋಲ್ ನಿಲ್ದಾಣಕ್ಕೆ ಹೋಗಿ ಎಂಜಿನ್ನುಗಳ ಸದ್ದನ್ನು ಡಿಸ್ಕಿನ ಮೇಲೆ ಮುದ್ರಿಸಿಕೊಂಡು ಬಂದರು. ಮುಳ್ಳು ಒಂದೇ ಗೆರೆಯಲ್ಲಿ ಸುತ್ತುವಂತೆ ಮಾಡಿ ಒಂದೇ ಸದ್ದು ಮತ್ತೆ ಮತ್ತೆ ಬರಿಸಿದರು. ಇಂದಿನ ಹುಡುಗರು ಲೂಪ್ ಅನ್ನುವುದು ಅದನ್ನೇ. ಗಂಟೆಯ ಸದ್ದನ್ನು ಮುದ್ರಿಸಿ ಅದರ ಮೊದಲ ಪೆಟ್ಟನ್ನು ಕತ್ತರಿಸಿ ಹಾಕಿದರೆ ಉಳಿದದ್ದು ಗಂಟೆಯೆಂದು ಯಾರಿಗೂ ಗೊತ್ತಾಗದು, ಊದುವ ವಾದ್ಯದಂತೆ ಕೇಳುತ್ತದೆ ಎಂಬುದನ್ನೂ ಅವರೇ ಕಂಡರು. ಸದ್ದಿನ ಗುರುತು ಬಹುಮಟ್ಟಿಗೆ ಅದರ ಆರಂಭದ ಕ್ಷಣದಲ್ಲಿದೆ.

ನನ್ನ ಸೋದರಳಿಯನೂ ರೈಲನ್ನು ಮುದ್ರಿಸಿಕೊಂಡಿದ್ದಾನೆ. ಈಗಿನ ಲೋಕಲ್ಲುಗಳು ಹೊರಡುವಾಗ ಬೋಗಿಯ ಅಡಿಯಿಂದ ಒಂದು ಸ್ವರ ಹುಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆಯಲ್ಲ, ಮೋಟಾರಿಗೆ ವಿದ್ಯುತ್ತು ಹಂಚುವ ಯಂತ್ರದ್ದು, ಅದನ್ನು ಫೋನಿನಲ್ಲಿ ಹಿಡಿದು ತಂದ. ವೇಗ ತಗ್ಗಿಸಿದ, ಎರಡು ಸಪ್ತಕ ಕೆಳಗಿಳಿಸಿದ, ದೊಡ್ಡ ಗುಡಿಯೊಳಗೆ ಕೂಗಿದಂತೆ ರಿವರ್ಬ್ ಕೊಟ್ಟ. ಕೇಳಿದರೆ ಗಂಡಸರ ಕಂಠಗಳು ಆಲಾಪ ಎತ್ತಿದಂತಿತ್ತು. ಡೊಂಬಿವಲಿಯಿಂದ ಠಾಣೆಗೆ, ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಹಿಡಿದು ಐರೋಲಿಗೆ ದಿನಾ ನಿಂತೇ ಹೋಗುವವನಿಗಲ್ಲದೆ ಇನ್ಯಾರಿಗೆ ಆ ಸದ್ದು ಸಿಕ್ಕೀತು?

ಆದರೂ ಅವನದೇ ಎನ್ನಬಹುದಾದ ನಾದ ರೈಲಿನಿಂದ ಬರಲಿಲ್ಲ, ಚಂಡೆಯಿಂದ ಬಂತು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳಿಗೆ ತಿರುಗಾಟವಿಲ್ಲದಾಗ ಕಲಾವಿದರು ಮುಂಬಯಿಗೆ ಬರುತ್ತಾರೆ. ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಸಭಾಂಗಣಗಳಲ್ಲಿ ಆಟ ನಡೆಯುತ್ತದೆ. ಅಜ್ಜನ ಮಡಿಲಲ್ಲಿ ಕೂತು ಅವನು ಕಂಡ ಮೊದಲ ರಂಗ ಅದು. ಬಡಗುತಿಟ್ಟಿನ ಚಂಡೆಯ ಪೆಟ್ಟನ್ನು ಒಬ್ಬ ಹಿರಿಯ ವಾದಕರಿಂದ ನುಡಿಸಿಕೊಂಡು ಮುದ್ರಿಸಿಕೊಂಡ. ಅದನ್ನು ತೆರೆಯ ಮೇಲೆ ಹಿಗ್ಗಿಸಿ ತೋರಿಸಿದ: ಚಕ್ಕನೆ ಏರುವ ಒಂದು ಶಿಖರ, ಅದರ ಹಿಂದೆ ಬೇಗನೆ ಸಾಯುವ ಬಾಲ. ಬಾಲ ಕತ್ತರಿಸಿ ಶಿಖರವನ್ನಷ್ಟೇ ಇಟ್ಟುಕೊಂಡ. ಅದರ ಅಡಿಗೆ ಯಾವ ಉಪಸ್ವರವೂ ಇಲ್ಲದ ನುಣುಪಾದ ಸೈನ್ ಅಲೆ ಸೇರಿಸಿದ. ಅದು ಇನ್ನೂರು ಹರ್ಟ್ಸಿನಲ್ಲಿ ಶುರುವಾಗಿ ಕಣ್ಣು ಮಿಟುಕಿಸುವುದರೊಳಗೆ ಕೆಳಗಿಳಿದು ನಿಲ್ಲುತ್ತದೆ. ಡಿಜೆಗಳ ಕಿಕ್ ಎಂಬ ಎದೆಗೆ ಬಡಿಯುವ ಸದ್ದಿನ ಗುಟ್ಟು ಈ ಇಳಿತವೇ. ಎಲ್ಲಿ ನಿಲ್ಲಬೇಕು? ಬಡಗಿನ ಚಂಡೆಯನ್ನು ಹಾಡುವ ಭಾಗವತರ ಶ್ರುತಿಗೆ ಕೂಡಿಸುತ್ತಾರೆ. ಆ ದಿನದ ಶ್ರುತಿ ಕಪ್ಪು ಮೂರು, ಅಂದರೆ ಹಾರ್ಮೋನಿಯಂನ ಮೂರನೆಯ ಕಪ್ಪು ಮನೆ. ಹಾಗಾಗಿ ಅವನ ಬಾಸೂ ಕಪ್ಪು ಮೂರಕ್ಕೇ, ಸಪ್ತಕಗಳಷ್ಟು ಕೆಳಗೆ, ಸುಮಾರು 46 ಹರ್ಟ್ಸಿಗೆ ನಿಂತಿತು. ಮೇಲೆ ಚಂಡೆಯ ಸಿಡಿತ, ಕೆಳಗೆ ನೆಲದ ಗುಡುಗು, ಎರಡೂ ಒಂದೇ ಶ್ರುತಿಯಲ್ಲಿ. ನಾನು ಅಂಥದನ್ನು ಮೊದಲು ಕೇಳಿರಲಿಲ್ಲ.

46 ಹರ್ಟ್ಸಿನ ತೊಂದರೆಯೆಂದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ. ಅದಕ್ಕೂ ಉಪಾಯವಿದೆ. ಆ ಸ್ವರವನ್ನು ಸ್ವಲ್ಪವೇ ಒಡೆಯುತ್ತಾರೆ, ಸ್ಯಾಚುರೇಷನ್ ಕೊಡುತ್ತಾರೆ. ಆಗ ಅದಕ್ಕೆ 92, 138, 184 ಹೀಗೆ ಮೇಲಿನ ಉಪಸ್ವರಗಳು ಹುಟ್ಟುತ್ತವೆ. ಮೂಲ ಸ್ವರ ಕೇಳದಿದ್ದರೂ ಉಪಸ್ವರಗಳ ಅಂತರದಿಂದ ನಮ್ಮ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಹೀಗೆ ಮಾಡಿದ ಮೇಲೆ ಅವನು ಪರೀಕ್ಷೆಗೆ ಹೋಗುವುದು ಶೇರ್ ರಿಕ್ಷಾ ಸ್ಟ್ಯಾಂಡಿಗೆ. ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬಾಸ್ ಬಾಕ್ಸ್ ಹಾಕಿಸಿಕೊಂಡ ರಿಕ್ಷಾಗಳು ಇಲ್ಲಿ ಸಾಕಷ್ಟಿವೆ. ಚಾಲಕನಿಗೆ ಫೋನು ಕೊಟ್ಟು "ಭಾವೂ, ಹೇ ಲಾವ್ನಾ" ಎಂದು ಹಾಕಿಸಿ, ಸ್ಟೇಷನ್ನಿನವರೆಗೆ ಕಣ್ಣು ಮುಚ್ಚಿ ಕೂರುತ್ತಾನೆ. ಒಂದು ದಿನ ಚಾಲಕ ತಾನಾಗಿಯೇ ಸದ್ದು ಏರಿಸಿದನಂತೆ. ಹುಡುಗನ ಮುಖ ಆ ಸಂಜೆ ನೋಡಬೇಕಿತ್ತು.

ಈ ಬಾಸು ಗೋಡೆ ದಾಟುತ್ತದೆ ಎಂಬುದನ್ನೂ ಹೇಳಬೇಕು. ಎತ್ತರದ ಸ್ವರಗಳನ್ನು ಇಟ್ಟಿಗೆ ತಡೆಯುತ್ತದೆ, ತಗ್ಗಿನದನ್ನು ಅಷ್ಟು ತಡೆಯದು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ನಿಯಮವಿದೆ, ಹಾಸಿಗೆ ಹಿಡಿದವರಿಗೆ ಅದೊಂದೇ ಆಸರೆ. ಅದನ್ನು ಮುರಿಯುವ ಮೆರವಣಿಗೆಗಳ ಪರ ನಾನಿಲ್ಲ, ಅವನೂ ಇಲ್ಲ.

ಆ ಹಿರಿಯ ಚಂಡೆಯವರಿಗೆ ಸಿದ್ಧವಾದದ್ದನ್ನು ಕೇಳಿಸಿದೆವು. ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿದರು. ನಾದ ಚೆನ್ನಾಗಿ ಬಂದಿದೆ ಎಂದರು. ಆಮೇಲೆ ಕೇಳಿದರು: "ಪೆಟ್ಟೆಲ್ಲ ಸಮ ಬಿದ್ದಿದೆ ಮಗಾ. ಕುಣಿಯುವವ ಎಲ್ಲಿ?"

ಸಾಫ್ಟ್‌ವೇರಿನಲ್ಲಿ ಗ್ರಿಡ್ ಎಂಬುದಿರುತ್ತದೆ. ಪ್ರತಿ ಪೆಟ್ಟನ್ನೂ ಎಳೆದು ಅಳತೆಯ ಗೆರೆಗೆ ಕೂರಿಸುತ್ತದೆ. ಚಂಡೆಯವರ ಕಣ್ಣು ಇರುವುದು ವೇಷದ ಹೆಜ್ಜೆಯ ಮೇಲೆ. ಪಾದ ಎತ್ತಿದ್ದನ್ನು ನೋಡಿ, ಅದು ನೆಲ ಮುಟ್ಟುವ ಹೊತ್ತಿಗೆ ಪೆಟ್ಟು ಬೀಳಬೇಕು. ಒಬ್ಬ ಕಲಾವಿದ ಪಾದವನ್ನು ಒಂದು ಗಳಿಗೆ ಗಾಳಿಯಲ್ಲಿ ತಡೆಯುತ್ತಾನೆ, ಇನ್ನೊಬ್ಬ ತಡೆಯುವುದಿಲ್ಲ. ಬೆಂಜೋ ಪಾರ್ಟಿಯವರೂ ಹಾಗೆಯೇ. ಕುಣಿಯುವವರು ದಣಿದದ್ದು ಕಂಡರೆ ತುಸು ಸಡಿಲ ಬಿಡುತ್ತಾರೆ, ಮದುಮಗನ ಅತ್ತೆಯೋ ಮಾವನೋ ನಡುವೆ ಬಂದರೆ ಏರಿಸುತ್ತಾರೆ. ನವಿ ಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೋ ಎಂಬ ಸರ್ಕಾರಿ ನಿಗಮ ಬಂದು ಹಳ್ಳಿಗಳ ಗದ್ದೆ ತೆಗೆದುಕೊಂಡಿತು. ಗದ್ದೆ ಹೋದ ಘನ್ಸೋಲಿ, ಕೋಪರ್‌ಖೈರಣೆಯಂಥ ಊರುಗಳಲ್ಲಿ ಗಾಜಿನ ಕಚೇರಿಗಳ ಬೆನ್ನಿಗೇ ಹಳದಿಯ ಕುಣಿತ ಇವತ್ತಿಗೂ ಉಳಿದುಕೊಂಡು ಬಂದಿದೆ. ಆ ಬಳುಕು ಗೆರೆಗೆ ಕೂರುವಂಥದಲ್ಲ.

ಈಗ ಅವನು ಗ್ರಿಡ್ ತೆಗೆದುಹಾಕಿದ್ದಾನೆ. ಹಳೆಯ ಆಟವೊಂದರ ವಿಡಿಯೋ ಹಾಕಿಕೊಂಡು, ವೇಷಧಾರಿಯ ಪಾದ ನೋಡುತ್ತ ಆ ಪೆಟ್ಟನ್ನು ಪ್ಯಾಡಿನ ಮೇಲೆ ಕೈಯಿಂದಲೇ ಬಾರಿಸಿ ಮುದ್ರಿಸುತ್ತಾನೆ. ತಪ್ಪಿದರೆ ಅಳಿಸಿ ಮತ್ತೆ ಬಾರಿಸುತ್ತಾನೆ. ಅವನ ಆಫೀಸಿನ ಗೆಳೆಯನೊಬ್ಬ ಘನ್ಸೋಲಿಯವನು, ಮನೆಯವರದೇ ಬೆಂಜೋ ಪಾರ್ಟಿ. ಬರುವ ಮದುವೆ ಹಂಗಾಮಿನಲ್ಲಿ ಇವನನ್ನು ಪ್ಯಾಡಿನೊಂದಿಗೆ ಜೊತೆಗೆ ಕೂರಿಸಿಕೊಳ್ಳುತ್ತಾರಂತೆ. ಅವರ ಬೆಂಜೋ ಕಪ್ಪು ಮೂರಕ್ಕೆ ಕೂಡಿಲ್ಲ. ಹಾಗಾಗಿ ಚಂಡೆಯ ಪೆಟ್ಟನ್ನು ಅವರ ಶ್ರುತಿಗೆ ಮೊದಲಿನಿಂದ ಮತ್ತೆ ಮಾಡಬೇಕು, ಕೆಳಗಿನ ಬಾಸ್ ಸಮೇತ.